ವರ್ಷಪೂರ್ತಿ ಅರಿಷಿಣ-ಕುಂಕುಮ ಕರೆದ ಡಾಕ್ಟರಬಾಯಿ

ನಿನ್ನೆ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಾಗ ಎತ್ತಿದವಳು ನೀನೇ, ಚಿನ್ನಿ. ಅತ್ತ ಕಡೆಯಿಂದ ಒಬ್ಬ ಹೆಂಗಸು ಹೆಸರು ಹೇಳದೆ, ಹಲೋ ಸಹ ಅನ್ನದೆ, "ನಿನ್ನೆ ಏನ್ ಅಡಗಿ ಮಾಡಿದ್ರಿ?" ಎಂದು ಕೇಳಿದರಂತೆ. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದು, "ಆಯಿ, ಯಾರೋ ಮೆನು ಕೇಳಾಕತ್ತಾರ" ಎಂದು ಫೋನನ್ನು ನನ್ನ ಕೈಗಿಟ್ಟೆ. ಅವರು ಮನಸ್ಸಿನ ಕಾಯಿಲೆಯ ಡಾಕ್ಟರು ಎಂದು ನಾನು ಹೇಳಿದಾಗ ನೀನೂ ನಂಬಲಿಲ್ಲ, ನಿನ್ನ ಅಣ್ಣನೂ ನಂಬಲಿಲ್ಲ. "ಅಂಥಾ ಡಾಕ್ಟರು ಸೋಫಾದ ಮ್ಯಾಲ ಮಲಗಿಸಿ ಸಣ್ಣಂದಿನ ಕಥಿ ಕೇಳ್ತಾರ ಆಯಿ, ಅಡಗಿ ಕೇಳಂಗಿಲ್ಲ" ಎಂದ ಅವನು.

ಅದಕ್ಕೇ ಈಗ ಬರೆಯಲು ಕೂತೆ. ಎದುರಿಗೆ ಕೂತವರು ಮುಖ ನೋಡುತ್ತಿದ್ದರೆ ನನಗೆ ಮಾತು ಕೂಡಿಬರುವುದಿಲ್ಲ, ಅದು ನಿಮಗೆ ಗೊತ್ತು. ಬರೆಯುವಾಗ ಆ ಕಷ್ಟವಿಲ್ಲ. ಮೊಮ್ಮಕ್ಕಳಾದ ನಿಮಗೆ ಕನ್ನಡ ಓದುವುದು ನಿಧಾನ, ನನಗೆ ಬರೆಯುವುದು ನಿಧಾನ, ಇಬ್ಬರಿಗೂ ಹೊಂದುತ್ತದೆ. ಡಾಕ್ಟರಬಾಯಿ ಈ ವರ್ಷ ಕೆಲಸವನ್ನು ಒಬ್ಬ ಹೊಸ ಹುಡುಗಿಗೆ ಒಪ್ಪಿಸಿ ಸೊಲ್ಲಾಪುರದ ತಮ್ಮ ಮನೆಗೆ ಹೋಗಿದ್ದಾರೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಬೈಯುತ್ತಾರೆ.

ನಿಮ್ಮ ಅಜ್ಜ ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ, ಪುಣೆ-ಲೋಣಾವಳಾ ರೈಲಿನ ದಾರಿಯಲ್ಲಿ ಸ್ಟೇಷನ್ನಿನಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ಜೊತೆಗೆ ಕೆಲಸ ಮಾಡಿದ ಗೆಳೆಯ ಆ ಊರಿನವನು, ಅವನೇ ಜಾಗ ಕೊಡಿಸಿದ. ಸುತ್ತ ಭತ್ತದ ಗದ್ದೆ, ಮನೆಮನೆಗೂ ಎಮ್ಮೆ, ಬೆಳಿಗ್ಗೆ ಡೇರಿಯ ಗಾಡಿ. ಊರಿಗೆಲ್ಲ ಮರಾಠಿ, ನಮ್ಮ ಮನೆಯಲ್ಲಿ ಮಾತ್ರ ಕನ್ನಡ. ಆ ಮನೆಯಲ್ಲಿ ಸರಿಯಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಅಜ್ಜ ಹೋದರು. ಪುಣೆಗೆ, ಈ ಧನಕವಡಿಯ ಮನೆಗೆ ಬಂದುಬಿಡು ಎಂದು ನಿಮ್ಮ ಅಪ್ಪ ಎಷ್ಟೋ ಹೇಳಿದ. ಅವರು ಕಟ್ಟಿದ ಮನೆಯಲ್ಲಿ ಇನ್ನಷ್ಟು ದಿನ ಇರುತ್ತೇನೆ ಎಂದೆ. ಆ ಇನ್ನಷ್ಟು ದಿನವೇ ಹಲವು ವರ್ಷವಾಯಿತು. ಕಾರಣ ಈ ಡಾಕ್ಟರಬಾಯಿ.

ಅವರು ಕುಳ್ಳು, ದಪ್ಪ. ಕೈಗೆ ಗಂಡಸರ ದೊಡ್ಡ ಗಡಿಯಾರ. ಕುರ್ಚಿ ಕಂಡರೆ ಆಗದು, ರೋಗಿ ಎಲ್ಲಿ ಕೂತರೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂಡುತ್ತಿದ್ದರು. ನಕ್ಕರೆ ಕುಕ್ಕರ್ ಸೀಟಿ ಹೊಡೆದಂತೆ, ಪಕ್ಕದ ಓಣಿಯ ನಾಯಿ ಎದ್ದು ಬೊಗಳುತ್ತಿತ್ತು. ಸೊಲ್ಲಾಪುರದಲ್ಲಿ ಕನ್ನಡದವರ ನಡುವೆ ಬೆಳೆದವರಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತು. ಗಂಡ ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಆಗಾಗ ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. "ನಮ್ಮ ಸಂಸಾರ ನೆಟ್ಟಗ ನಡದದ, ಯಾಕಂದ್ರ ನಡುವ ರೈಲ್ವೆ ಅದ" ಎನ್ನುತ್ತಿದ್ದರು ಬಾಯಿ.

ಪುಣೆಯ ದೊಡ್ಡ ಆಸ್ಪತ್ರೆ ಬಿಟ್ಟು ಅವರು ನಮ್ಮ ಹಳ್ಳಿಗೆ ಬಂದಾಗ ಬಾಡಿಗೆ ಮನೆಯ ಬಾಗಿಲ ಮೇಲೆ 'ಮನಸ್ಸಿನ ದವಾಖಾನೆ' ಎಂದು ಮರಾಠಿಯಲ್ಲಿ ಬೋರ್ಡು ಹಾಕಿದರು. ಒಂದು ನರಪಿಳ್ಳೆಯೂ ಒಳಗೆ ಹೋಗಲಿಲ್ಲ. ಹೋದರೆ ಹುಚ್ಚ ಎನ್ನುತ್ತಾರೆ, ಮನೆಯ ಹುಡುಗಿಗೆ ಗಂಡು ಸಿಗುವುದಿಲ್ಲ, ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ಜನ ಆ ಮನೆಯ ಮುಂದೆ ಹಾಯುವಾಗ ನಡಿಗೆ ಜೋರು ಮಾಡುತ್ತಿದ್ದರು. ಬಾಯಿ ಮೆಟ್ಟಿಲ ಮೇಲೆ ಕೂತು ಅದನ್ನೆಲ್ಲ ನೋಡಿದರು. ಕೊನೆಗೆ ತಾವೇ ಏಣಿ ಹಾಕಿ ಬೋರ್ಡು ಇಳಿಸಿ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮುಂದಿನ ಸಂಕ್ರಾಂತಿಗೆ ಊರಿನ ಹೆಂಗಸರನ್ನೆಲ್ಲ ಅರಿಷಿಣ-ಕುಂಕುಮಕ್ಕೆ ಕರೆದರು.

ಈ ಕರೆಯ ಬಲ ನಿಮಗೆ ತಿಳಿಯಬೇಕು. ಸೊಸೆ ಬಾವಿಗೆ ಹೋದರೆ ಎಷ್ಟು ಹೊತ್ತಾಯಿತು ಎಂದು ಕೇಳುವ ಅತ್ತೆಯೂ ಅರಿಷಿಣ-ಕುಂಕುಮಕ್ಕೆ ಹೋಗಬೇಡ ಎನ್ನುವುದಿಲ್ಲ. ಕರೆದ ಮನೆಗೆ ಹೋಗದಿದ್ದರೆ ಅದು ಲಕ್ಷ್ಮಿಗೆ ಅವಮಾನ. ಹೋದವರಿಗೆ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ-ಕಾಯಿ ಹಾಕಿ ಉಡಿ ತುಂಬಿ, ಒಂದು ಸಣ್ಣ ಸಾಮಾನು ಕೊಟ್ಟು ಕಳಿಸುತ್ತಾರೆ, ಅದಕ್ಕೆ ವಾಣ ಎನ್ನುತ್ತಾರೆ. ಊರಿನ ಹೆಂಗಸರೆಲ್ಲ ಬಂದರು. ಬಾಯಿ ಒಬ್ಬೊಬ್ಬರಿಗೂ ಕುಂಕುಮ ಹಚ್ಚುತ್ತ, "ನಿನ್ನೆ ಏನ್ ಅಡಗಿ ಮಾಡಿದ್ದಿ?" ಎಂದು ಕೇಳಿದರು. ಅಷ್ಟೇ ಅವರ ತಪಾಸಣೆ. ಏನು ಮಾಡಿದ್ದಿ, ಯಾರು ಉಂಡರು, ನೀನು ಏನು ಉಂಡಿ, ಯಾವಾಗ ಉಂಡಿ. "ಮನಸ್ಸು ಕುಸಿಯೋದು ಮೊದಲ ಒಲಿ ಮುಂದ ಗೊತ್ತಾಗತದ್ರಿ" ಎನ್ನುತ್ತಿದ್ದರು ನನಗೆ. "ಹೆಂಗೈತಿ ಮನಸ್ಸು ಅಂತ ಕೇಳಿದ್ರ ಎಲ್ಲಾರೂ ಚಲೋ ಅಂತಾರ. ಪಲ್ಯಾ ಏನು ಅಂತ ಕೇಳಿದ್ರ ಸುಳ್ಳು ಹೇಳಲಿಕ್ಕೆ ಬರಂಗಿಲ್ಲ."

ಸಂಕ್ರಾಂತಿಯ ಅರಿಷಿಣ-ಕುಂಕುಮ ರಥಸಪ್ತಮಿಗೆ ಮುಗಿಯುತ್ತದೆ. ಇವರದು ಮುಗಿಯಲಿಲ್ಲ. ಚೈತ್ರದಲ್ಲಿ ಗೌರಿಯ ಹೆಸರಿನಲ್ಲಿ, ಶ್ರಾವಣದಲ್ಲಿ ಶುಕ್ರವಾರದ ಹೆಸರಿನಲ್ಲಿ, ಮಾರ್ಗಶಿರದಲ್ಲಿ ಗುರುವಾರದ ಲಕ್ಷ್ಮಿಯ ಹೆಸರಿನಲ್ಲಿ ಕರೆದರು. ಯಾವ ಹಬ್ಬವೂ ಇಲ್ಲದ ತಿಂಗಳಲ್ಲಿ ನನ್ನ ಹತ್ತಿರ ಬಂದು, "ಬಾಯಿ, ನಿಮ್ಮ ವಿಜಾಪುರ ಕಡೆ ಈ ತಿಂಗಳ ಏನೂ ಇಲ್ಲೇನ್ರಿ? ಹುಡುಕ್ರಿ" ಎಂದು ಕಾಡುತ್ತಿದ್ದರು. ಮುಂದಿನ ಕೋಣೆಯಲ್ಲಿ ಹಾಡು, ಚಹಾ, ಹರಟೆ. ಹಿಂದಿನ ಕೋಣೆಯಲ್ಲಿ ಒಬ್ಬೊಬ್ಬರೇ ಹೋಗಿ ಬಾಯಿಯ ಜೊತೆ ಮಾತು. ಬೇಕಾದವರಿಗೆ ಔಷಧ ವಾಣದ ಡಬ್ಬಿಯಲ್ಲಿ. ಹೊರಗೆ ನಿಂತ ಗಂಡಸರಿಗೆ ಕಂಡದ್ದು ಅರಿಷಿಣ-ಕುಂಕುಮ ಮಾತ್ರ.

ನಾನು ವಿಧವೆ. ನನ್ನನ್ನು ಯಾರೂ ಕರೆಯುವ ಹಾಗಿಲ್ಲ, ನಾನೂ ಹೋಗುವವಳಲ್ಲ. ಅಜ್ಜ ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಿದ್ದೆ. ಒಂದು ದಿನ ಬಾಯಿ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ನಾನು ಹೆದರಿ ಎದ್ದು ನಿಂತೆ.

"ನಿನ್ನೆ ಏನ್ ಅಡಗಿ ಮಾಡಿದ್ರಿ?"

"ಒಬ್ಬಾಕಿಗೇನು ಅಡಗಿರಿ... ಮೊನ್ನಿಂದು ರೊಟ್ಟಿ ಇತ್ತು" ಎಂದೆ.

ಅವರು ಒಲೆಯ ಹತ್ತಿರ ಹೋಗಿ ಡಬ್ಬಿಗಳನ್ನು ಮುಚ್ಚಳ ತೆಗೆದು ನೋಡಿದರು. ತಿರುಗಿ, "ನಾಳೆಯಿಂದ ಅಷ್ಟೂ ಹೆಣ್ಣಮಕ್ಕಳ ಚಹಾ ನಿಮ್ಮ ಕಡೆ. ನನ್ನ ಚಹಾ ಕುಡದು ಒಬ್ಬಾಕಿ ಈ ಡಾಕ್ಟರಿಗೇ ಹುಚ್ಚು ಅಂದ್ಲು" ಎಂದರು. ನಾನು, "ಅರಿಷಿಣ-ಕುಂಕುಮದ ಮನ್ಯಾಗ ನಾನು ಹೆಂಗ ಬರ್ಲಿರಿ?" ಎಂದೆ. "ಚಹಾಕ್ಕ ಮುತ್ತೈದಿತನ ಬೇಕಂತೇನು? ಸಕ್ಕರಿ ಬೇಕು" ಎಂದು ಹೊರಟೇ ಹೋದರು.

ಹಾಗೆ ನಾನು ಆ ಮನೆಯ ಒಲೆ ಹಿಡಿದೆ. ಅದು ನನಗೆ ಔಷಧವಾಗಿತ್ತೋ ಕೆಲಸವಾಗಿತ್ತೋ ಇವತ್ತಿಗೂ ಕೇಳಿಲ್ಲ.

ಊರಿನಲ್ಲಿ ಒಬ್ಬ ದೇವರುಷಿ ಇದ್ದ, ದೆವ್ವ ಬಿಡಿಸುವವನು. ಬಾಯಿ ಅವನ ಜೊತೆ ಜಗಳವಾಡುತ್ತಾರೆ ಎಂದು ಜನ ಕಾದರು. ಬಾಯಿ ಅವನ ಮನೆಗೆ ಹೋಗಿ ಅವನ ಮೊಣಕಾಲಿನ ನೋವಿಗೆ ಎಣ್ಣೆ ಕೊಟ್ಟು, "ದೆವ್ವ ನಿಮ್ಮದು, ನನಗ ಬ್ಯಾಡ. ದೆವ್ವ ಹ್ವಾದ ಮ್ಯಾಲೂ ನಿದ್ದಿ ಬರವಲ್ದು ಅಂದವರನ್ನ ಮಾತ್ರ ನನ್ನ ಕಡೆ ಕಳಸ್ರಿ" ಎಂದು ಹೇಳಿ ಬಂದರು. ಆಮೇಲೆ ಅವನೇ ಜನರನ್ನು ಕಳಿಸತೊಡಗಿದ.

ಈಗ ರೂಪಾಲಿಯ ವಿಷಯ. ನಾನು ಬರೆಯಲು ಕೂತದ್ದೇ ಅದಕ್ಕಾಗಿ. ಮುಂದೆ ಬರುವ ಊರಿನವರ ಮಾತುಗಳೆಲ್ಲ ಮರಾಠಿಯಲ್ಲಿ ಆಡಿದವು, ನಾನು ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ.

ರೂಪಾಲಿ ಊರಿನ ಶೇವಂತಾಬಾಯಿಯ ಕಿರಿಯ ಸೊಸೆ. ಗಂಡ ಡೇರಿಯ ಹಾಲಿನ ಗಾಡಿ ಓಡಿಸುತ್ತಿದ್ದ, ತಾಯಿಯ ಮುಂದೆ ಬಾಯಿ ಬಿಡದ ಹುಡುಗ. ಶೇವಂತಾಬಾಯಿಯ ದನಿ ಕೇಳಿದರೆ ಎಮ್ಮೆ ತಾನಾಗಿಯೇ ಕೊಟ್ಟಿಗೆಗೆ ಹೋಗುತ್ತಿತ್ತು. ಅವಳ ಹಿರಿಯ ಮಗ ಕೆಲವು ವರ್ಷಗಳ ಹಿಂದೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಹೋಗಿದ್ದ. ಅದಾದಮೇಲೆ ಅವಳ ಕಣ್ಣಿನ ಸುತ್ತ ಕಪ್ಪು, ನಾಲಿಗೆ ಮೊದಲಿಗಿಂತ ಚೂಪು. ಕಿರಿಯ ಮಗನಿಗೆ ಗಂಡು ಹುಟ್ಟಿದಾಗ ಹೋದ ಮಗನೇ ತಿರುಗಿ ಬಂದ ಎಂದು ಊರಿಗೆಲ್ಲ ಪೇಢೆ ಹಂಚಿದ್ದಳು.

ಭಾದ್ರಪದದ ಗೌರಿಗೆ ಬಾಯಿ ಕರೆದ ದಿನ ರೂಪಾಲಿ ಬಂದು ಮೂಲೆಯಲ್ಲಿ ಕೂತಳು. ಬಾಣಂತನ ಮುಗಿಸಿ ತವರಿನಿಂದ ಬಂದು ಸ್ವಲ್ಪ ದಿನವಾಗಿತ್ತು. ಕೂಸು ಬೇರೆಯವರ ತೊಡೆಯ ಮೇಲೆ ಅಳುತ್ತಿತ್ತು, ಅವಳು ತಿರುಗಿಯೂ ನೋಡಲಿಲ್ಲ. ಬಾಯಿ ಕುಂಕುಮ ಹಚ್ಚಿ ಕೇಳಿದರು.

"ನಿನ್ನೆ ಏನ್ ಅಡಗಿ ಮಾಡಿದ್ದಿ, ಪೋರಿ?"

"ಬ್ಯಾಳಿ ಮಾಡಿದ್ದೆ. ಉಪ್ಪು ಹಾಕ್ಲಿಲ್ಲ."

"ಯಾಕವಾ?"

ರೂಪಾಲಿ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು. "ಹಾಕಬ್ಯಾಡ ಅಂತ ಗ್ವಾಡಿ ಹೇಳ್ತು. ಈ ಕೂಸೂ ನಂದಲ್ಲ. ಬದ್ಲಿ ಮಾಡ್ಯಾರ."

ನಾನು ಚಹಾದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ಗ್ವಾಡಿಗೆ ಅಡಗಿ ಬರಂಗಿಲ್ಲ, ನಡಿ, ನಾನು ಹೇಳ್ತೀನಿ" ಎಂದು ಅವಳ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಬೇಗ ಹಿಡಿದರೆ ಪೂರ್ತಿ ಗುಣವಾಗುತ್ತದೆ ಎಂದು ಬಾಯಿ ಆಮೇಲೆ ನನಗೆ ಹೇಳಿದರು. ರೂಪಾಲಿಯ ಗಂಡನನ್ನು ಡೇರಿಯ ಹತ್ತಿರ ಹಿಡಿದು ಎಲ್ಲವನ್ನೂ ತಿಳಿಸಿದರು. ಅವನು ಅಳುತ್ತ, "ಅವ್ವಗ ಹೇಳಬ್ಯಾಡ್ರಿ, ಹುಚ್ಚಿ ಅಂತ ಇವಳನ್ನ ತವರಿಗೆ ಅಟ್ಟಿ ಕೂಸು ಇಟ್ಕೊಂಡು ಬಿಡ್ತಾಳ" ಎಂದ. ಗುಳಿಗೆ ನುಂಗಿಸುವ ಕೆಲಸ ಅವನದಾಯಿತು, ಕೂಸಿಗೆ ಬಾಟಲಿಯ ಹಾಲು. ವಾರಕ್ಕೆ ಬೇಕಾದ ಗುಳಿಗೆ ಸ್ಟೀಲಿನ ಡಬ್ಬಿಯಲ್ಲಿ ವಾಣವಾಗಿ ಹೋಗುತ್ತಿತ್ತು. ಅತ್ತೆ ಕೇಳಿದರೆ ಬಾಣಂತಿಯ ಶಕ್ತಿಯ ಗುಳಿಗೆ ಎಂದು ಹೇಳಬೇಕು.

ದೀಪಾವಳಿಯ ಹೊತ್ತಿಗೆ ಗೋಡೆ ಮಾತು ನಿಲ್ಲಿಸಿತು. ಕಾರ್ತಿಕದಲ್ಲಿ ಒಂದು ದಿನ ಅವಳು ಕೂಸನ್ನು ಬಗಲಲ್ಲಿ ಹೊತ್ತು ಬಂದು, ಅದರ ಟೊಪ್ಪಿಗೆ ಯಾರೋ ಚಹಾ ಚೆಲ್ಲಿದರು ಎಂದು ಗಟ್ಟಿಯಾಗಿ ಜಗಳ ತೆಗೆದಳು. ಬಾಯಿ ಅಡುಗೆಮನೆಗೆ ಓಡಿ ಬಂದು ನನ್ನ ತೋಳು ಚಿವುಟಿದರು. "ಕೇಳ್ರಿ, ಕೇಳ್ರಿ, ನನ್ನ ಕೂಸಿನ ಟೊಪ್ಪಿಗಿ ಅಂದ್ಲು. ನನ್ನ ಕೂಸು ಅಂದ್ಲು!" ಆ ಕುಕ್ಕರ್ ನಗೆಯನ್ನು ಸೆರಗಿನಿಂದ ಮುಚ್ಚಿಕೊಂಡರು.

ಸೊಸೆ ಹೀಗೆ ಅರಳಿದ್ದೇ ಮುಂದಿನ ಅನಾಹುತಕ್ಕೆ ಕಾರಣವಾಯಿತು. ಶೇವಂತಾಬಾಯಿಗೆ ಕಣ್ಣಿಲ್ಲವೇ? ಡಾಕ್ಟರಬಾಯಿಯ ವಾಣದಲ್ಲಿ ಏನೋ ಪುಣ್ಯವಿದೆ ಎಂದು ಅವಳು ನಿಶ್ಚಯ ಮಾಡಿಕೊಂಡಳು. ಮಾರ್ಗಶಿರದ ಕೊನೆಯ ಗುರುವಾರ ಅವಳ ಮನೆಯಲ್ಲಿ ಲಕ್ಷ್ಮಿಯ ವ್ರತದ ಮುಕ್ತಾಯ. ಆ ದಿನ ಮುತ್ತೈದೆಯರನ್ನು ಕರೆದು ಹಣ್ಣು ಕೊಡಬೇಕು. ಮನೆಗೆ ಬಂದ ಒಳ್ಳೆಯದನ್ನು ಒಬ್ಬರೇ ಇಟ್ಟುಕೊಳ್ಳಬಾರದು, ಮುತ್ತೈದೆಯರಿಗೆ ಹಂಚಿದರೆ ಇಮ್ಮಡಿ ಎನ್ನುವುದು ಅವಳ ಲೆಕ್ಕ. ರೂಪಾಲಿ ಕೂಸಿಗೆ ಹಾಲು ಕುಡಿಸುತ್ತಿದ್ದಾಗ ಕಪಾಟಿನಿಂದ ಡಬ್ಬಿ ತೆಗೆದಳು. ಪ್ರತಿಯೊಬ್ಬರಿಗೂ ಒಂದು ಬಾಳೆಹಣ್ಣು, ಒಂದು ಗುಳಿಗೆ. "ಶಕ್ತೀದು ಅದ, ಬಿಸಿ ಹಾಲಿನಾಗ ತಗೋರಿ, ನಮ್ಮ ಸೊಸಿನ್ನ ನೋಡ್ರಿ ಹೆಂಗಾಗ್ಯಾಳ" ಎಂದು ಹೇಳಿ ಕಳಿಸಿದಳು. ತಾನೂ ಒಂದು ನುಂಗಿದಳು.

ಮರುದಿನ ಬೆಳಿಗ್ಗೆ ಹಳ್ಳಿ ಎದ್ದಿತು, ಆ ಮನೆಗಳ ಹೆಂಗಸರು ಏಳಲಿಲ್ಲ. ಎಮ್ಮೆಗಳು ಕೂಗಿದವು. ಡೇರಿಯ ಗಾಡಿ ಅರ್ಧ ಹಾಲು ಹೊತ್ತು ಹೋಯಿತು. ಒಬ್ಬ ಗಂಡಸು ಜೀವನದಲ್ಲಿ ಮೊದಲ ಬಾರಿಗೆ ಚಹಾ ಮಾಡಲು ಹೋಗಿ ಮೀಸೆ ಸುಟ್ಟುಕೊಂಡ. ನಗುತ್ತೀರಿ, ನಾನೂ ಈಗ ನಗುತ್ತೇನೆ. ಆದರೆ ರೂಪಾಲಿಯ ಗಂಡ ಬಂದು, "ಅವ್ವ ಏಳವಲ್ಲಳು, ಡಬ್ಬಿ ಖಾಲಿ ಅದ" ಎಂದಾಗ ಬಾಯಿಯ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದ್ದೇನೆ. ಚಪ್ಪಲಿ ಮೆಟ್ಟದೆ ಓಡಿದರು. ಒಂದೊಂದು ಮನೆಯಲ್ಲೂ ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎತ್ತಿ, ರಕ್ತದ ಒತ್ತಡ ನೋಡಿ, ಹೆಸರು ಹಿಡಿದು ಕೂಗಿ ಕೂಗಿ ಎಬ್ಬಿಸಿ ನೀರು ಕುಡಿಸಿದರು. ನಾನು ನೀರಿನ ಚರಿಗೆ ಹಿಡಿದು ಹಿಂದೆ ಹಿಂದೆ. "ಯಾರಿಗೂ ಏನೂ ಆಗಬಾರದ್ರಿ, ಬಾಯಿ, ಯಾರಿಗೂ ಏನೂ ಆಗಬಾರದು" ಎಂದು ದಾರಿಯುದ್ದಕ್ಕೂ ಕನ್ನಡದಲ್ಲಿ ಗೊಣಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಎದ್ದು ಕೂತು ಹಸಿವು ಎಂದರು. ಆಗ ಬಾಯಿ ಒಂದು ಜಗುಲಿಯ ಮೇಲೆ ಕೂತು ಕಾಲಿಗೆ ನೆಟ್ಟ ಮುಳ್ಳು ತೆಗೆಯಲು ನೋಡಿದರು. ಮುಳ್ಳು ಉಗುರಿಗೆ ಸಿಗಲಿಲ್ಲ, ನಾನೇ ತೆಗೆದೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆ ಗುಳಿಗೆ ಯಾವುದಕ್ಕೆ, ರೂಪಾಲಿಗೆ ಏನಾಗಿತ್ತು, ಅರಿಷಿಣ-ಕುಂಕುಮದ ಹಿಂದಿನ ಕೋಣೆಯಲ್ಲಿ ಏನು ನಡೆಯುತ್ತದೆ, ಎಲ್ಲ. ಶೇವಂತಾಬಾಯಿ ದವಾಖಾನೆಯ ಅಂಗಳಕ್ಕೆ ಬಂದು ನಿಂತಳು. ಹಿಂದೆ ಅರ್ಧ ಊರು.

"ನಮ್ಮ ಮನ್ಯಾಗ ಹುಚ್ಚಿ ಇದ್ದಾಳಂತ ನಮಗ ಹೇಳಲಿಲ್ಲ! ಲಕ್ಷ್ಮಿ ಹೆಸರಲೆ ಕರದು ಹುಚ್ಚರ ದವಾಖಾನಿ ನಡಸ್ತಿ! ಕೇಳ್ಕೋ, ಸಂಕ್ರಾಂತಿ ದಿವಸ ಅವಳು ತವರಿನ ಎಸ್‌ಟಿ ಬಸ್ ಹತ್ತತಾಳ. ಕೂಸು ನನ್ನ ಮನ್ಯಾಗ ಇರತದ."

ರೂಪಾಲಿ ದೂರದಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಗಂಡ ನೆಲ ನೋಡುತ್ತಿದ್ದ. ಬಾಯಿ ವಾದ ಮಾಡಲಿಲ್ಲ.

"ಮುಚ್ಚಿಟ್ಟದ್ದು ನನ್ನ ತಪ್ಪು, ಶೇವಂತಾಬಾಯಿ. ಅದಕ್ಕ ಕಾಲು ಹಿಡೀಲಿಕ್ಕೂ ತಯಾರ. ಇನ್ನ ಮ್ಯಾಲ ಏನೂ ಮುಚ್ಚಂಗಿಲ್ಲ. ಸಂಕ್ರಾಂತಿಗೆ ಇನ್ನೂ ದಿನ ಅವ. ಅಲ್ಲೀ ತನಕಾ ಈ ಗುಳಿಗಿ ನೀವ ಇಟ್ಕೋರಿ, ದಿನಾ ನಿಮ್ಮ ಕೈಯಿಂದ ಕೊಡ್ರಿ, ನಿಮ್ಮ ಕಣ್ಣಿಂದ ನೋಡ್ರಿ. ಕೂಸಿನ ಕೂಡ ಹೆಂಗಿದ್ದಾಳ, ಒಲಿ ಮುಂದ ಹೆಂಗಿದ್ದಾಳ. ಆಮ್ಯಾಲ ಹುಚ್ಚಿ ಅನಸಿದ್ರ ಬಸ್ ಹತ್ತಸ್ರಿ. ನಾನು ಒಂದ ಮಾತು ಆಡಂಗಿಲ್ಲ."

ಬಾಯಿ ಗುಳಿಗೆ ತುಂಬಿ ಚಾಚಿದ ಹೊಸ ಡಬ್ಬಿಯನ್ನು ಶೇವಂತಾಬಾಯಿ ಕಿತ್ತುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಬಾಯಿ ಏಣಿ ತಂದರು. ಬಾಗಿಲ ಹಿಂದೆ ಧೂಳು ತಿನ್ನುತ್ತಿದ್ದ ಬೋರ್ಡನ್ನು ನಾನು ಒರೆಸಿ ಕೊಟ್ಟೆ, ಅವರು ಮೊಳೆ ಹೊಡೆದರು. ಸಂಕ್ರಾಂತಿ ಹತ್ತಿರ ಬಂದಾಗ ಮನೆಮನೆಗೆ ಕರೆಯಲು ಹೊರಟರು. ಪ್ರತಿ ಹೊಸ್ತಿಲಲ್ಲೂ ಅದೇ ಮಾತು. "ನಾನು ಮನಸ್ಸಿನ ಡಾಕ್ಟರು. ನನ್ನ ಮನಿ ಮನಸ್ಸಿನ ದವಾಖಾನಿ. ಸಂಕ್ರಾಂತಿ ದಿವಸ ಸಂಜೀಮುಂದ ಅರಿಷಿಣ-ಕುಂಕುಮ ಅದ, ಬರ್ರಿ."

ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರು ಕಿಟಕಿಯಿಂದ, "ನೋಡೋಣ್ರಿ" ಎಂದರು. ಒಬ್ಬ ಮುದುಕ, "ಗಂಡಸರಿಗೂ ಗುಳಿಗಿ ಕೊಡ್ತೀರೇನ್ರಿ? ನನ್ನ ಹೆಂಡತಿ ಆವತ್ತು ಮಲಗಿದ್ದಾಗ ಮನ್ಯಾಗ ಭಾಳ ಶಾಂತ ಇತ್ತು" ಎಂದ. ಒಳಗಿನಿಂದ ಲಟ್ಟಣಿಗೆ ಬಿದ್ದ ಸದ್ದು ಬಂತು. ಶೇವಂತಾಬಾಯಿ ಹೊಸ್ತಿಲಲ್ಲಿ ಅಡ್ಡ ನಿಂತು ಕರೆ ಕೇಳಿಸಿಕೊಂಡಳು. ಹ್ಞೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಳಗೆ ರೂಪಾಲಿ ಜೋಗುಳ ಹಾಡುವುದು ಕೇಳುತ್ತಿತ್ತು. ವಾಪಸ್ಸು ಬರುವಾಗ ಬಾಯಿ ಕೇಳಿದರು, "ಹಾಡು ನೆಟ್ಟಗ ಇತ್ತಲ್ರಿ? ನಡುವ ನಡುವ ನಿಲ್ಲಲಿಲ್ಲಲ್ಲ?" ನಾನು ಇಲ್ಲ ಎಂದೆ. ಮತ್ತೆ ಅದನ್ನೇ ಕೇಳಿದರು.

ಸಂಕ್ರಾಂತಿಯ ದಿನ ಬಾಯಿ ಕಪ್ಪು ಸೀರೆ ಉಟ್ಟರು, ಪುಣೆಯ ಕಡೆ ಆ ಹಬ್ಬಕ್ಕೆ ಕಪ್ಪೇ ಉಡುವುದು. ನಾನು ಎಳ್ಳುಂಡೆ ಕಟ್ಟಿದ್ದೆ, ಶೇಂಗಾದ ಹೋಳಿಗೆ ಮಾಡಿದ್ದೆ. ಅಂಗಳದಲ್ಲಿ ಚಾಪೆ ಹಾಸಿ ಕಾದೆವು. ದವಾಖಾನೆಯ ಬಾಗಿಲಿನಿಂದ ನೋಡಿದರೆ ಬಲಕ್ಕೆ ಬಸ್ಸು ನಿಲ್ಲುವ ಕಟ್ಟೆ, ಎಡಕ್ಕೆ ಮಾರುತಿಯ ಗುಡಿ. ಗುಡಿಯ ಹತ್ತಿರ ಊರಿನ ಹೆಂಗಸರೆಲ್ಲ ಕಪ್ಪು ಸೀರೆ ಉಟ್ಟು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಮೊದಲು ಯಾರು ಹೋಗುತ್ತಾರೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರೂ ಹೆಜ್ಜೆ ಎತ್ತಲಿಲ್ಲ. ಬೋರ್ಡು ಎಲ್ಲರಿಗೂ ಕಾಣುತ್ತಿತ್ತು.

"ಯಾರೂ ಬರದಿದ್ರ?" ಎಂದೆ.

"ಬರದಿದ್ರ ಇಷ್ಟೂ ಹೋಳಿಗಿ ನಾವಿಬ್ಬರ ತಿನ್ನೋಣ" ಎಂದರು. ಆದರೆ ಅವರ ಕಣ್ಣು ಬಸ್ಸಿನ ಕಟ್ಟೆಯ ಮೇಲಿತ್ತು. ತವರಿನ ಊರಿಗೆ ಹೋಗುವ ಬಸ್ಸು ಬರುವ ಹೊತ್ತಾಗಿತ್ತು.

ಓಣಿಯಿಂದ ಶೇವಂತಾಬಾಯಿ ಬಂದಳು. ಒಂದು ಕೈಯಲ್ಲಿ ದೊಡ್ಡ ಚೀಲ. ಇನ್ನೊಂದು ಕೈಯಲ್ಲಿ ಕೂಸು. ಹಿಂದೆ ತಲೆಯ ಮೇಲೆ ಸೆರಗು ಹೊತ್ತು ರೂಪಾಲಿ. ಗುಡಿಯ ಹತ್ತಿರ ಎಲ್ಲರೂ ಅತ್ತ ತಿರುಗಿದರು. ಚೀಲದಲ್ಲಿ ರೂಪಾಲಿಯ ಬಟ್ಟೆಯೇ ಇರಬೇಕು ಎಂದುಕೊಂಡೆ. ಬಾಯಿ ನನ್ನ ಮುಂಗೈ ಹಿಡಿದರು, ಬಳೆ ಇಲ್ಲದ ಕೈಗೆ ಅವರ ಉಗುರು ಊರಿತು. ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು. ಕಟ್ಟೆಯ ಹತ್ತಿರ ಬಂದು ನಿಂತಿತು.

ಶೇವಂತಾಬಾಯಿ ಬಸ್ಸಿನ ಕಡೆ ನೋಡಲೂ ಇಲ್ಲ. ನೆಟ್ಟಗೆ ನಮ್ಮ ಅಂಗಳಕ್ಕೆ ಬಂದು, ಕೂಸನ್ನು ಎಲ್ಲರೂ ನೋಡುವ ಹಾಗೆ ಎತ್ತಿ ರೂಪಾಲಿಯ ಕೈಗೆ ಕೊಟ್ಟಳು. "ಹಿಡಕೋ ನಿನ್ನ ಮಗನ್ನ" ಎಂದಳು. ಆಮೇಲೆ ಬಾಯಿಯ ಮುಂದೆ ಚೀಲದ ಬಾಯಿ ಬಿಚ್ಚಿದಳು. ಹೊಸ ಅಕ್ಕಿಯ ಪರಿಮಳ ಅಂಗಳ ತುಂಬಿತು, ಅವರ ಗದ್ದೆಯದು.

"ಸೆರಗು ಒಡ್ಡು, ಡಾಕ್ಟರೀಣಬಾಯಿ. ಎಲ್ಲಾರ ಉಡಿ ನೀ ತುಂಬ್ತಿ, ನಿನ್ನ ಉಡಿ ಯಾರು ತುಂಬೋರು?"

ಬಾಯಿ ಸೆರಗು ಒಡ್ಡಿದರು. ಶೇವಂತಾಬಾಯಿ ಬೊಗಸೆ ತುಂಬಿ ಅಕ್ಕಿ ಸುರಿದಳು, ತೆಂಗಿನಕಾಯಿ ಇಟ್ಟಳು, ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ ಗುಡಿಯ ಕಡೆ ತಿರುಗಿ ಎಮ್ಮೆಯನ್ನು ಕೊಟ್ಟಿಗೆಗೆ ಅಟ್ಟುವ ಆ ದನಿಯಲ್ಲಿ ಕೂಗಿದಳು.

"ಅಲ್ಲೇನ್ ನಿಂತೀರಿ ಕಂಬದಂಗ? ದಿನಾ ನನ್ನ ಕೈಯಿಂದ ಗುಳಿಗಿ ಕೊಟ್ಟೀನಿ. ನನ್ನ ಸೊಸಿ ನೆಟ್ಟಗದಾಳ, ನಿಮ್ಮ ಸೊಸೆಂದ್ರಕಿಂತ ನೆಟ್ಟಗದಾಳ! ಈಗ ನನ್ನ ಪಾಳಿ. ನನ್ನ ದೊಡ್ಡ ಮಗ ಹ್ವಾದಾಗಿಂದ ನನಗ ನಿದ್ದಿ ಇಲ್ಲ. ಆ ಗುರುವಾರ ಒಂದ ದಿನ ಮಲಗಿದೆ. ನಿದ್ದಿ ಅಂದ್ರ ಹೆಂಗಿರತದಂತ ಮರತ ಬಿಟ್ಟಿದ್ದೆ. ನಾನು ಈ ದವಾಖಾನಿ ಪೇಶಂಟ, ಯಾರಿಗೇನ್ ಅನ್ನೂದದ ಅನ್ರಿ!"

ಬಾಯಿ ಅಕ್ಕಿ ತುಂಬಿದ ಸೆರಗನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ, "ಆ ಗುಳಿಗಿ ನಿಮಗಲ್ಲ, ಶೇವಂತಾಬಾಯಿ. ನಿಮಗ ಗುಳಿಗಿ ಬೇಕೋ ಮಾತು ಬೇಕೋ ನೋಡೋಣ. ನಡೀರಿ, ಒಳಗ ಕೂತು ಮಗನ ಸುದ್ದಿ ಹೇಳ್ರಿ" ಎಂದರು.

ಶೇವಂತಾಬಾಯಿ ಬೋರ್ಡಿನ ಕೆಳಗೆ ತಲೆ ತಗ್ಗಿಸದೆ ಒಳಗೆ ಹೋದಳು. ಗುಡಿಯ ಹತ್ತಿರದ ಗುಂಪಿನಲ್ಲಿ ಒಂದು ಸೀರೆ ಅಲುಗಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲರೂ ಒಟ್ಟಿಗೆ, ಕಟ್ಟೆ ಒಡೆದ ನೀರಿನ ಹಾಗೆ. ರೂಪಾಲಿ ಕೂಸನ್ನು ಬಗಲಿಗೇರಿಸಿ ಎಳ್ಳುಂಡೆಯ ತಟ್ಟೆ ಹಿಡಿದು ಹಂಚಲು ನಿಂತಳು. ಅಂಗಳ ಸಾಲದೆ ಕೆಲವರು ರಸ್ತೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯ ಬಾಗಿಲಲ್ಲಿ ಗಲಾಟೆ ಶುರುವಾಯಿತು.

"ಏ, ನಾನು ಮೊದಲ ಬಂದೀನಿ!"

"ನಿನಗೇನ್ ಆಗೇದ? ಗುಂಡಕಲ್ಲಿನಂಗ ಇದ್ದಿ. ನನಗ ಎದಿ ಡಬಡಬ ಅಂತದ, ನಾನು ಮೊದಲ!"

"ಅಗ ಬಾಯೀ, ನನ್ನ ಅತ್ತಿ ಹತ್ರ ಒಂದು ದಿವಸ ಇದ್ದು ನೋಡು, ಯಾರ ಎದಿ ಡಬಡಬ ಅಂತದ ಗೊತ್ತಾಗತದ!"

"ಅತ್ತಿ ಇಲ್ಲೇ ನಿಂತೀನಲ್ಲೇ, ಕೆಟ್ಟಾಕಿ! ಸರಿ, ನಾನು ಮೊದಲ ಹೋಗಿ ನಿನ್ನ ಸುದ್ದಿ ಹೇಳ್ತೀನಿ!"

ಕಟ್ಟೆಯ ಹತ್ತಿರ ನಿಂತಿದ್ದ ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಕೆಳಗಿಳಿದು ಬಂದು, ಬೋರ್ಡು ಓದಿ, ಗಲಾಟೆ ನೋಡಿ, ನನ್ನನ್ನು ಕೇಳಿದ. "ಏನ್ ಹಂಚಾಕತ್ತಾರ್ರಿ ಇಲ್ಲೆ? ರೇಶನ್ ಏನು?"

"ಇಲ್ರಿ, ಹುಚ್ಚರ ದವಾಖಾನಿ ಅದ. ಪಾಳಿಗೆ ಜಗಳಾ ನಡದದ" ಎಂದೆ.

ಅವನು ಟೋಪಿ ತೆಗೆದು, ತಲೆ ಕೆರೆದುಕೊಂಡು, ಮೆಲ್ಲಗೆ ಕೇಳಿದ. "ಗಂಡಸರಿಗೆ ಯಾವಾಗ್ರಿ?"